ಚೆಪಾಕ್ ಮೇಲೆ ನಮಗಿರುವ ಹೊಟ್ಟೆಕಿಚ್ಚು

2018ರ ಮೇ 27ರ ರಾತ್ರಿ ವಾಂಖೆಡೆಯಲ್ಲಿ ಐಪಿಎಲ್ ಫೈನಲ್. ಚೆನ್ನೈಗೆ ಗೆಲ್ಲಲು 179 ರನ್ ಬೇಕಿತ್ತು. ಶೇನ್ ವಾಟ್ಸನ್ ಮೊದಲ ಹತ್ತು ಎಸೆತಗಳಲ್ಲಿ ಒಂದೂ ರನ್ ಗಳಿಸಲಿಲ್ಲ. ಭುವನೇಶ್ವರ್ ಕುಮಾರ್ ಮೊದಲ ಓವರನ್ನೇ ಮೇಡನ್ ಮಾಡಿ ಮುಗಿಸಿದ್ದರು. ಮೂವತ್ತಾರು ತುಂಬಿದ ಆಟಗಾರ, ಫೈನಲ್ ಪಂದ್ಯ, ಹತ್ತು ಚೆಂಡು ಸೊನ್ನೆ. ಬೇರೆ ಯಾವ ತಂಡದಲ್ಲಾದರೂ ಡಗ್‌ಔಟ್‌ನಿಂದ ಯಾರೋ ಒಬ್ಬರು ನೀರಿನ ಬಾಟಲಿ ಹಿಡಿದು ಓಡಿಬಂದು ಕಿವಿಯಲ್ಲಿ ಏನೋ ಹೇಳಿ ಹೋಗುತ್ತಿದ್ದರು. ಚೆನ್ನೈ ತಂಡ ಸುಮ್ಮನಿತ್ತು. ವಾಟ್ಸನ್ 57 ಎಸೆತಗಳಲ್ಲಿ ಅಜೇಯ 117 ಹೊಡೆದು, ಒಂಬತ್ತು ಎಸೆತ ಉಳಿದಿರುವಾಗಲೇ ಕಪ್ ಗೆದ್ದುಕೊಟ್ಟರು.

ಇದೇ ವಾಟ್ಸನ್ ಅದಕ್ಕೂ ಮೊದಲು ಎರಡು ವರ್ಷ ನಮ್ಮವರಾಗಿದ್ದರು. 2016ರ ಹರಾಜಿನಲ್ಲಿ ನಮ್ಮ ಬೆಂಗಳೂರಿನ ಆರ್‌ಸಿಬಿ ಅವರಿಗೆ 9.5 ಕೋಟಿ ರೂಪಾಯಿ ಕೊಟ್ಟಿತ್ತು. ಆ ಸಲ 20 ವಿಕೆಟ್ ತೆಗೆದರು, ನಿಜ. ಆದರೆ ಚಿನ್ನಸ್ವಾಮಿಯಲ್ಲಿ ನಡೆದ ಫೈನಲ್‌ನಲ್ಲಿ ನಾಲ್ಕು ಓವರಿಗೆ 61 ರನ್ ಬಿಟ್ಟುಕೊಟ್ಟರು. ನಾವು 8 ರನ್‌ಗಳಿಂದ ಸೋತೆವು. 2018ರ ಹರಾಜಿನಲ್ಲಿ ಚೆನ್ನೈ ಅವರನ್ನು 4 ಕೋಟಿಗೆ ಕೊಂಡಿತು. ಅರ್ಧಕ್ಕಿಂತ ಕಡಿಮೆ ಬೆಲೆಗೆ ಹೋದ ಆಟಗಾರ ಪೂರ್ತಿ ಕಪ್ಪನ್ನೇ ತಂದುಕೊಟ್ಟ.

ಚೆನ್ನೈಯಲ್ಲಿ ನೆಲೆಸಿ ಬೆಂಗಳೂರಿನ ಕೆಂಪು ಅಂಗಿಗಾಗಿ ಜೀವ ಬಿಡುವ ನನ್ನಂಥವರಿಗೆ ಈ ನೋವು ವರ್ಷಕ್ಕೊಮ್ಮೆ ಬಂದು ಹೋಗುವಂಥದ್ದಲ್ಲ. ಆಟೊದ ಹಿಂಬದಿಯಲ್ಲಿ, ಟೀ ಅಂಗಡಿಯ ಗೋಡೆಯ ಮೇಲೆ, ಪಕ್ಕದ ಮನೆ ಹುಡುಗನ ಬೆನ್ನಿನ ಮೇಲಿನ ಧೋನಿಯ 7ರಲ್ಲಿ ಅದು ದಿನಾ ಎದುರಾಗುತ್ತದೆ. 2010, 2011, 2018, 2021, 2023: ಚೆನ್ನೈಗೆ ಐದು ಕಪ್. ನಮಗೆ ಆ ಕಾಲದಲ್ಲೆಲ್ಲ ಇದ್ದದ್ದು 2009, 2011, 2016ರ ಮೂರು ಫೈನಲ್ ಸೋಲು, ಮತ್ತು ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ. ಅದರಲ್ಲಿ 2011ರ ಸೋಲು ಇದೇ ಊರಿನ ಚೆಪಾಕ್ ಮೈದಾನದಲ್ಲಿ ಆದದ್ದು. ಆ ವರ್ಷ 12 ಪಂದ್ಯಗಳಲ್ಲಿ 608 ರನ್ ಬಾರಿಸಿದ್ದ ಕ್ರಿಸ್ ಗೇಲ್ ಎದುರು ಮೊದಲ ಓವರನ್ನೇ ಅಶ್ವಿನ್ ಕೈಗೆ ಕೊಟ್ಟರು. ಗೇಲ್ ಸೊನ್ನೆಗೆ ಔಟ್, ಕ್ಯಾಚ್ ಹಿಡಿದದ್ದು ಧೋನಿ. ಅದಕ್ಕೂ ಮೊದಲು ಮುರಳಿ ವಿಜಯ್ 95 ಹೊಡೆದು ಮೊತ್ತವನ್ನು 205ಕ್ಕೆ ಒಯ್ದಿದ್ದರು. ಅಶ್ವಿನ್, ವಿಜಯ್ ಇಬ್ಬರೂ ಇದೇ ಊರಿನ ಹುಡುಗರು. ಸೋಲಿಗಿಂತ ಹೆಚ್ಚಾಗಿ ಮನಸ್ಸಿಗೆ ನಾಟಿದ್ದು ಅದೇ.

ಹೊಟ್ಟೆಕಿಚ್ಚಿಗೆ ಕಾರಣ ಕಪ್ಪುಗಳ ಲೆಕ್ಕ ಮಾತ್ರ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ನಮ್ಮಲ್ಲಿ ಮಂಕಾಗಿದ್ದವರು ಅಲ್ಲಿಗೆ ಹೋಗಿ ಬೆಳಗುತ್ತಾರಲ್ಲ, ಅದನ್ನು ನೋಡುವುದೇ ಕಷ್ಟ. ನಮ್ಮ ಕೊಡಗಿನ ರಾಬಿನ್ ಉತ್ತಪ್ಪ 2009 ಮತ್ತು 2010ರಲ್ಲಿ ಆರ್‌ಸಿಬಿಯಲ್ಲಿದ್ದವರು. ಊರೂರು ಸುತ್ತಿ 2021ರಲ್ಲಿ ಚೆನ್ನೈಯ ಹಳದಿ ಅಂಗಿ ತೊಟ್ಟರು. ಆ ಸಲ ಬಹುಪಾಲು ಪಂದ್ಯಗಳಲ್ಲಿ ಬೆಂಚ್ ಮೇಲೇ ಕೂತಿದ್ದವರನ್ನು ಕೊನೆಗೆ, ಅದೂ ಸುರೇಶ್ ರೈನಾ ಆಡುತ್ತಿದ್ದ ಜಾಗಕ್ಕೆ, ಇಳಿಸಿದರು. ಡೆಲ್ಲಿ ವಿರುದ್ಧದ ಕ್ವಾಲಿಫೈಯರ್‌ನಲ್ಲಿ 63, ಫೈನಲ್‌ನಲ್ಲಿ 15 ಎಸೆತಗಳಿಗೆ 31. ಕೆಲಸ ಏನೆಂದು ಸ್ಪಷ್ಟವಾಗಿ ಗೊತ್ತಿದ್ದವನ ಆಟ ಅದು.

ಶಿವಂ ದುಬೆಯದಂತೂ ಇನ್ನೂ ಹತ್ತಿರದಿಂದ ನೋಡಬೇಕಾದ ಕಥೆ. 2019, 2020ರಲ್ಲಿ ಆತ ನಮ್ಮ ತಂಡದಲ್ಲಿದ್ದಾಗ ಒಂದು ದಿನ ಆರನೆಯವನಾಗಿ ಬಂದು ವೇಗದ ಬೌಲಿಂಗ್ ಎದುರಿಸಬೇಕು, ಇನ್ನೊಂದು ದಿನ ಎರಡು ಓವರ್ ಬೌಲಿಂಗ್ ಮಾಡಬೇಕು. ಆಲ್‌ರೌಂಡರ್ ಅಂದಮೇಲೆ ಎಲ್ಲದಕ್ಕೂ ಇರಲಿ ಎಂಬ ಧೋರಣೆ. ಚೆನ್ನೈಯವರು 2022ರಲ್ಲಿ ಕರೆದುಕೊಂಡು ಒಂದೇ ಕೆಲಸ ಒಪ್ಪಿಸಿದರು. ಪವರ್‌ಪ್ಲೇ ಮುಗಿದ ಮೇಲೆ ಹೋಗು, ಸ್ಪಿನ್ನರ್‌ಗಳನ್ನು ಹೊಡಿ. ಆತ ಕ್ರೀಸಿನೊಳಗೆ ನೆಟ್ಟ ಕಂಬದಂತೆ ನಿಲ್ಲುತ್ತಾನೆ, ಕಾಲನ್ನು ಹೆಚ್ಚು ಕದಲಿಸುವುದಿಲ್ಲ. ಚೆಂಡು ತನ್ನ ಉದ್ದ ಕೈಗಳ ಅಳತೆಯೊಳಗೆ ಬರುವ ತನಕ ಕಾಯುತ್ತಾನೆ. ಕಾಲು ಆಡಿಸದ ಬ್ಯಾಟ್ಸ್‌ಮನ್ ಎಂದರೆ ಯಾವ ಕೋಚಿಗೂ ಒಮ್ಮೆ ತಿದ್ದಬೇಕು ಅನ್ನಿಸುತ್ತದೆ. ಇವರು ತಿದ್ದಲಿಲ್ಲ, ಆ ನಿಲುವಿಗೆ ಒಗ್ಗುವ ಓವರುಗಳನ್ನು ಹುಡುಕಿಕೊಟ್ಟರು. 2022ರ ಏಪ್ರಿಲ್ 12ರಂದು ಅದರ ಫಲ ಉಂಡವರು ನಾವೇ. ದುಬೆ 46 ಎಸೆತಗಳಿಗೆ ಅಜೇಯ 95. ಜೊತೆಗೆ ನಿಂತು 88 ಹೊಡೆದವರು ಉತ್ತಪ್ಪ. ನಮ್ಮಲ್ಲಿ ಆಡಿದ್ದ ಇಬ್ಬರು ಸೇರಿ ನಮ್ಮ ಬೌಲರ್‌ಗಳ ಮೇಲೆ ಮುಗಿಬಿದ್ದ ರಾತ್ರಿ. ಅಲ್ಲಿಯವರೆಗೆ ಆ ವರ್ಷದ ನಾಲ್ಕೂ ಪಂದ್ಯ ಸೋತಿದ್ದ ಚೆನ್ನೈ ಗೆಲ್ಲಲು ನಾವೇ ಸಿಗಬೇಕೆ?

ಇದನ್ನೆಲ್ಲ ಧೋನಿ ಎಂಬ ಒಬ್ಬ ಮನುಷ್ಯನ ಪವಾಡ ಎಂದು ಹೇಳಿ ಕೈ ತೊಳೆದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ನಾನು ಒಪ್ಪುವುದಿಲ್ಲ. 2008ರಲ್ಲಿ ಹದಿನೈದು ಲಕ್ಷ ಡಾಲರ್ ಕೊಟ್ಟು ಧೋನಿಯನ್ನು ಹರಾಜಿನಲ್ಲಿ ಹಿಡಿಯಲು ಕಾರಣರಾದವರು ಇದೇ ಊರಿನ ವಿ.ಬಿ. ಚಂದ್ರಶೇಖರ್. ಮೊದಲ ವರ್ಷ ಆಟಗಾರನಾಗಿ ಬಂದ ಸ್ಟೀಫನ್ ಫ್ಲೆಮಿಂಗ್ 2009ರಲ್ಲಿ ಕೋಚ್ ಆದರು, ಆಮೇಲೆ ಆ ಕುರ್ಚಿಯಲ್ಲಿ ಬೇರೆಯವರು ಕೂರಲಿಲ್ಲ. ನಮ್ಮ ಕಡೆ ನೋಡಿ: ವೆಂಕಟೇಶ್ ಪ್ರಸಾದ್, ರೇ ಜೆನ್ನಿಂಗ್ಸ್, ಡೇನಿಯಲ್ ವೆಟೋರಿ, ಗ್ಯಾರಿ ಕರ್ಸ್ಟನ್, ಸೈಮನ್ ಕ್ಯಾಟಿಚ್, ಸಂಜಯ್ ಬಂಗಾರ್, ಆಂಡಿ ಫ್ಲವರ್. ಕೋಚ್ ಬದಲಾದಾಗಲೆಲ್ಲ ಅರ್ಧ ತಂಡದ ಕೆಲಸ ಬದಲಾಗುತ್ತದೆ. 2009ರಲ್ಲಿ ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಮನೀಶ್ ಪಾಂಡೆ, ಅಂಗಿ ನಮ್ಮದೇ. ಕೆ.ಎಲ್. ರಾಹುಲ್ ಐಪಿಎಲ್‌ಗೆ ಕಾಲಿಟ್ಟದ್ದೂ ನಮ್ಮಿಂದಲೇ. ಮಯಂಕ್ ಅಗರ್‌ವಾಲ್, ಕರುಣ್ ನಾಯರ್ ನಮ್ಮಲ್ಲಿ ಕಣ್ಣು ಬಿಟ್ಟವರು. ಒಬ್ಬರೂ ನಿಲ್ಲಲಿಲ್ಲ. ಹುಡುಗರು ಹುಟ್ಟುವುದರಲ್ಲಿ ಕರ್ನಾಟಕಕ್ಕೆ ಎಂದೂ ಕೊರತೆಯಿರಲಿಲ್ಲ. ಒಂದು ಕೆಟ್ಟ ವರ್ಷ ಬಂದಾಗ ಜೊತೆಗೆ ಇಟ್ಟುಕೊಳ್ಳುವ ತಾಳ್ಮೆಯೇ ಇರಲಿಲ್ಲ.

ಚೆನ್ನೈಯ ಈ ತಾಳ್ಮೆ ಐಪಿಎಲ್‌ನಿಂದ ಬಂದದ್ದಲ್ಲ ಎಂಬುದು ಇಲ್ಲಿಗೆ ಬಂದ ಮೇಲೆ ನನಗೆ ಮನವರಿಕೆಯಾಯಿತು. ಅದರ ಬೇರು ಇಲ್ಲಿನ ಲೀಗ್ ಕ್ರಿಕೆಟ್‌ನಲ್ಲಿದೆ. ಜಾಲಿ ರೋವರ್ಸ್ ಹಿಂದೆ ಕೆಂಪ್ಲಾಸ್ಟ್, ಹಾಗೆಯೇ ಇಂಡಿಯಾ ಪಿಸ್ಟನ್ಸ್, ಎಂಆರ್‌ಎಫ್, ಇಂಡಿಯಾ ಸಿಮೆಂಟ್ಸ್: ಕಂಪನಿಗಳು ದಶಕಗಳಿಂದ ತಂಡ ಸಾಕಿದವು, ಆಟಗಾರರಿಗೆ ಕೆಲಸ ಕೊಟ್ಟವು. ನಮ್ಮ ರಾಹುಲ್ ದ್ರಾವಿಡ್ ಕೂಡ ಇಂಡಿಯಾ ಸಿಮೆಂಟ್ಸ್‌ನ ಉದ್ಯೋಗಿಯಾಗಿದ್ದವರು. ಸಂಬಳ ತಿಂಗಳಿಗೆ ಬರುತ್ತದೆ, ರನ್ ಬಂದರೂ ಬರದಿದ್ದರೂ. ಆ ಭದ್ರತೆಯಲ್ಲಿ ಒಬ್ಬ ಸ್ಪಿನ್ನರ್ ಎರಡು ವರ್ಷ ಹೊಡೆಸಿಕೊಂಡಾದರೂ ಹೊಸ ಚೆಂಡು ಕಲಿಯಬಹುದು. ಮರೀನಾ ಮೈದಾನದಲ್ಲೋ ವೇಳಚೇರಿಯ ಗುರುನಾನಕ್ ಕಾಲೇಜಿನಲ್ಲೋ ಲೀಗ್ ಪಂದ್ಯ ನಡೆಯುವಾಗ ಹೋಗಿ ಕುಳಿತರೆ ಟಿಕೆಟ್ ಇಲ್ಲ, ಮೈಕ್ ಇಲ್ಲ. ನೆರಳಿನಲ್ಲಿ ಕುರ್ಚಿ ಹಾಕಿಕೊಂಡ ನಿವೃತ್ತರು ಒಂದೊಂದು ಚೆಂಡನ್ನೂ ಕೈಬೆರಳಿನಲ್ಲಿ ಹಿಡಿದು ತೋರಿಸುತ್ತ ವಿಮರ್ಶೆ ಮಾಡುತ್ತಾರೆ. ವೆಸ್ಟ್ ಮಾಂಬಲಂನ ಬೀದಿಯಲ್ಲಿ ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಅಶ್ವಿನ್ ಇಂಥ ಕಣ್ಣುಗಳ ಮುಂದೆ ಪಳಗಿದವರು. ವೇಗಿಗಳಿಗೆ 1987ರಲ್ಲೇ ಡೆನಿಸ್ ಲಿಲ್ಲಿಯನ್ನು ಕರೆಸಿ ಎಂಆರ್‌ಎಫ್ ಪೇಸ್ ಫೌಂಡೇಶನ್ ಕಟ್ಟಿದ್ದೂ ಈ ಊರೇ. ನಮ್ಮ ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್ ಅಲ್ಲಿ ಬೆವರು ಹರಿಸಿದ್ದಾರೆ. ಬೆಂಗಳೂರಿಗೂ ಬಿಯುಸಿಸಿ, ಸ್ವಸ್ತಿಕ್ ಯೂನಿಯನ್‌ನಂಥ ಹಿರಿಯ ಕ್ಲಬ್‌ಗಳಿವೆ, ಶಿಸ್ತಿಗೂ ಕೊರತೆಯಿಲ್ಲ. ಕಂಪನಿಗಳು ಇಷ್ಟು ದೀರ್ಘಕಾಲ ಬೆನ್ನಿಗೆ ನಿಂತದ್ದು ಮಾತ್ರ ಇಲ್ಲಿ.

ಒಂದು ಪಂದ್ಯದ ನಡುವೆ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. “ನಿಮಗೆ ಎಂಟು ರಣಜಿ ಇದೆ ಸಾರ್, ನಮಗೆ ಎರಡೇ” ಎಂದರು. “ಕೊನೆಯದು ಬಂದದ್ದು 1988ರಲ್ಲಿ.” ನಮ್ಮ ಅಸೂಯೆ ಹದಿನೆಂಟು ವರ್ಷದ್ದಾದರೆ ಅವರದು ಅದಕ್ಕಿಂತ ಎಷ್ಟೋ ಹಳೆಯದು. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು ಇದೇ ಚೆಪಾಕ್‌ನಲ್ಲಿ, ಮದ್ರಾಸ್ ಮತ್ತು ಮೈಸೂರು ನಡುವೆ. ಮೈಸೂರು 48 ಮತ್ತು 59ಕ್ಕೆ ಉರುಳಿತು, ಮದ್ರಾಸ್ 130 ಹೊಡೆದು ಒಂದೇ ದಿನದಲ್ಲಿ ಇನಿಂಗ್ಸ್ ಗೆಲುವು ಪಡೆಯಿತು. ಎ.ಜಿ. ರಾಮ್ ಸಿಂಗ್ 11 ವಿಕೆಟ್ ಕಿತ್ತರು. ಅಲ್ಲಿಂದ ಶುರುವಾದ ಲೆಕ್ಕದಲ್ಲಿ ಈಗ ನಾವು ಮುಂದಿದ್ದೇವೆ. 1996ರ ಫೈನಲ್‌ನಲ್ಲಿ ಚೆಪಾಕ್‌ಗೇ ಬಂದು ತಮಿಳುನಾಡನ್ನು ಮಣಿಸಿದೆವು. 2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ಕರುಣ್ ನಾಯರ್ 328 ಹೊಡೆದ ಫೈನಲ್‌ನಲ್ಲಿ ಎದುರಿಗಿದ್ದದ್ದೂ ಅವರೇ. ಆ ಹಿರಿಯರಿಗೆ 328 ಎಂಬ ಸಂಖ್ಯೆ ನನಗಿಂತ ಚೆನ್ನಾಗಿ ನೆನಪಿತ್ತು.

ಅವರಿಗೆ ತಮ್ಮ ಹಳದಿ ತಂಡದ ಮೇಲೂ ದೂರಿತ್ತು, ಅದು ನ್ಯಾಯವಾದದ್ದು. ಚೆನ್ನೈ ಇಪ್ಪತ್ತೆಂಟು ದಾಟಿದವನನ್ನು ಹೊಳೆಯುವಂತೆ ಮಾಡುತ್ತಿತ್ತು, ಹತ್ತೊಂಬತ್ತರ ಹುಡುಗನನ್ನು ಬೆಂಚ್ ಮೇಲೆ ಕೂರಿಸುತ್ತಿತ್ತು. ಋತುರಾಜ್ ಗಾಯಕವಾಡ್ ಅಪವಾದ. ವರುಣ್ ಚಕ್ರವರ್ತಿ ಇಲ್ಲಿ ನೆಟ್ ಬೌಲರ್ ಆಗಿದ್ದು ಕೋಲ್ಕತ್ತಕ್ಕೆ ಹೋದರು. ಸಾಯಿ ಕಿಶೋರ್ ತಂಡದಲ್ಲಿದ್ದೂ ಒಂದು ಪಂದ್ಯ ಆಡಲಿಲ್ಲ, ಗುಜರಾತ್‌ಗೆ ಹೋಗಿ ಆಡಿದರು. ಚೆನ್ನೈಯಲ್ಲೇ ಬೆಳೆದ ಸಾಯಿ ಸುದರ್ಶನ್ 2023ರ ಫೈನಲ್‌ನಲ್ಲಿ ಗುಜರಾತ್ ಪರ 47 ಎಸೆತಗಳಿಗೆ 96 ಹೊಡೆದದ್ದು ಚೆನ್ನೈ ವಿರುದ್ಧವೇ. ಆ ಹುಡುಗ 2025ರಲ್ಲಿ 759 ರನ್ ಗಳಿಸಿ ಆರೆಂಜ್ ಕ್ಯಾಪ್ ತೊಟ್ಟಾಗ ಚೆನ್ನೈ ಪಟ್ಟಿಯ ತಳದಲ್ಲಿತ್ತು. ಬೆಟ್ಟಿಂಗ್ ಪ್ರಕರಣದಲ್ಲಿ ಎರಡು ವರ್ಷ ಹೊರಗುಳಿದ ಕಳಂಕವಂತೂ ಇದ್ದೇ ಇದೆ. ಅದನ್ನು ಕಂಡು ಕರುಬುವವರು ಯಾರೂ ಇಲ್ಲ. ಆದರೂ ಮರಳಿ ಬಂದ ವರ್ಷವೇ, ಕಾವೇರಿ ಗಲಾಟೆಯಲ್ಲಿ ತವರಿನ ಪಂದ್ಯಗಳೆಲ್ಲ ಒಂದರ ಹೊರತು ಪುಣೆಗೆ ಹೋದ ವರ್ಷವೇ, ಅವರು ವಾಟ್ಸನ್ ಕೈಯಲ್ಲಿ ಕಪ್ ಗೆದ್ದರು. ನದಿಯ ಜಗಳದಲ್ಲಿ ನಮ್ಮ ನಿಲುವು ಏನೇ ಇರಲಿ, ಊರು ಬಿಟ್ಟು ಆಡಿ ಗೆದ್ದ ಆ ಛಲವನ್ನು ಮೆಚ್ಚಲೇಬೇಕು.

2025ರಲ್ಲಿ ಲೆಕ್ಕ ತಿರುಗಿತು. ಮಾರ್ಚ್ 28ರಂದು ಚೆಪಾಕ್‌ನಲ್ಲಿ ಆರ್‌ಸಿಬಿ 50 ರನ್‌ಗಳಿಂದ ಗೆದ್ದಿತು. 2008ರ ನಂತರ ಇಲ್ಲಿ ಅವರ ವಿರುದ್ಧ ನಮ್ಮ ಮೊದಲ ಗೆಲುವು ಅದು. ಧೋನಿ ಅಶ್ವಿನ್‌ಗಿಂತ ಕೆಳಗೆ, ಒಂಬತ್ತನೆಯವರಾಗಿ ಬಂದಾಗ ಪಂದ್ಯ ಆಗಲೇ ಕೈಬಿಟ್ಟು ಹೋಗಿತ್ತು. ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿ ಕಪ್ ಕೊನೆಗೂ ನಮ್ಮದಾಯಿತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಆ ಗೆಲುವನ್ನು ನೆನೆಯುವಾಗಲೆಲ್ಲ ಆ ಜೀವಗಳನ್ನೂ ನೆನೆಯಬೇಕು.

ಗೆದ್ದದ್ದು ಹೇಗೆ ಎಂದು ನೋಡಿದರೆ, ಚೆನ್ನೈಯಿಂದ ಕಲಿತಂತೆಯೇ ಕಾಣುತ್ತದೆ. 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದ ರಜತ್ ಪಾಟೀದಾರ್, ಗಾಯಗೊಂಡ ನಮ್ಮ ಲವ್‌ನಿತ್ ಸಿಸೋಡಿಯಾ ಜಾಗಕ್ಕೆ ಬಂದು ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದವರು. ಅವರನ್ನು ಉಳಿಸಿಕೊಂಡರು, ಮೂರು ವರ್ಷದಲ್ಲಿ ನಾಯಕನನ್ನಾಗಿ ಮಾಡಿದರು. ಬ್ಯಾಟಿಂಗ್ ಕೋಚ್ ಆಗಿದ್ದವರು ಇದೇ ಊರಿನ ದಿನೇಶ್ ಕಾರ್ತಿಕ್. ಹುಡುಗರನ್ನು ಹುಡುಕುವ ಕೆಲಸದಲ್ಲಿದ್ದವರು ತಮಿಳುನಾಡಿಗೆ ಆಡಿದ ಮಲೋಲನ್ ರಂಗರಾಜನ್. ಪಕ್ಕದ ಸೀಟಿನ ಹಿರಿಯರಂಥವರು ಈಗ ನಮ್ಮ ಕಡೆ ನೋಡಿ ಕರುಬುತ್ತಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಹೆಣ್ಣುಮಕ್ಕಳ ಲೀಗಿನ ವಿಷಯದಲ್ಲಂತೂ ಅವರಿಗೆ ಕರುಬಲು ತಂಡವೇ ಇಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ್ ಫೈನಲ್‌ನಲ್ಲಿ 12 ರನ್‌ಗೆ 4 ವಿಕೆಟ್ ಪಡೆದು ಆರ್‌ಸಿಬಿಗೆ ಮೊದಲ ಕಪ್ ತಂದಾಗ ಡಬ್ಲ್ಯುಪಿಎಲ್‌ನಲ್ಲಿ ಚೆನ್ನೈ ಹೆಸರೇ ಇರಲಿಲ್ಲ. ಇಷ್ಟು ದೊಡ್ಡ ಕ್ರಿಕೆಟ್ ಊರಿಗೆ ಇದು ಒಪ್ಪುವ ಮಾತಲ್ಲ.

ನನಗೆ ಇನ್ನೂ ಸಮಾಧಾನವಾಗದ ಲೆಕ್ಕ ಒಂದಿದೆ, ದೇವದತ್ತ ಪಡಿಕ್ಕಲ್ ಅವರದು. 2020ರಲ್ಲಿ ಮೊದಲ ಸಲ ಆಡಿ 473 ರನ್, ಮರುವರ್ಷ ರಾಜಸ್ಥಾನ ವಿರುದ್ಧ ಅಜೇಯ 101. ಅಷ್ಟರಲ್ಲೇ ನಾವು ಅವರನ್ನು ಬಿಟ್ಟುಕೊಟ್ಟೆವು. ಮೊದಲು ಅದೇ ರಾಜಸ್ಥಾನಕ್ಕೆ ಹೋದರು, ಆಮೇಲೆ ಲಖನೌಗೆ, ಹೋದಲ್ಲೆಲ್ಲ ಬ್ಯಾಟಿಂಗ್ ಕ್ರಮಾಂಕ ಬದಲಾಯಿತು. 2025ಕ್ಕೆ 2 ಕೋಟಿಗೆ ಮರಳಿ ಬಂದು ಮೂರನೆಯ ಕ್ರಮಾಂಕದಲ್ಲಿ ಮೊದಲಿಗಿಂತ ಚುರುಕಾಗಿ ಆಡುತ್ತಿದ್ದರು, ಗಾಯ ಅಡ್ಡ ಬಂತು. ಆ ಜಾಗಕ್ಕೆ ಬಂದವರು, ನಾವೇ ಬೆಳೆಸಿ ಬಿಟ್ಟಿದ್ದ ಮಯಂಕ್. ಕಪ್ ಗೆದ್ದ ಫೈನಲ್‌ನಲ್ಲಿ 24 ರನ್ ಅವರದು. ಪಡಿಕ್ಕಲ್‌ಗೆ ಮುಂದೆ ರನ್ ಬಾರದ ಒಂದು ವರ್ಷ ಬಂದೇ ಬರುತ್ತದೆ, ಯಾವ ಬ್ಯಾಟ್ಸ್‌ಮನ್‌ಗೂ ಅದು ತಪ್ಪಿದ್ದಲ್ಲ. ಆಗ ಹರಾಜಿನ ಪಟ್ಟಿಗೆ ಹೆಸರು ಕಳಿಸುವ ಮುಂಚೆ ನಮ್ಮ ಮ್ಯಾನೇಜ್‌ಮೆಂಟ್‌ನವರು ವಾಂಖೆಡೆಯ ಆ ಮೊದಲ ಹತ್ತು ಎಸೆತಗಳ ವಿಡಿಯೊ ಹಾಕಿಕೊಂಡು ಒಮ್ಮೆ ಪೂರ್ತಿ ನೋಡಲಿ.