ಕುಣಿಕೆ ಬೆಸೆದ ರೂಪಾಯಿ

ತುಮಕೂರಿನಲ್ಲಿ ನಾಣ್ಯ ಸಂಗ್ರಹಿಸುವವರು ನಾಲ್ಕು ಜನ ಸೇರಿದ ಕಡೆ ಹೋಗಿ ನೋಡಿ. ಐವತ್ತು ದಾಟಿದ ಗಂಡಸರೇ ಮುಕ್ಕಾಲುಪಾಲು. ನಿವೃತ್ತ ಮೇಷ್ಟ್ರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಮಂಡಿಪೇಟೆ ಕಡೆ ಅಂಗಡಿ ಇಟ್ಟವರು, ಚಿಲ್ಲರೆ ಎಣಿಸುತ್ತಲೇ ಕಣ್ಣು ಪಳಗಿಸಿಕೊಂಡ ಬಸ್ ಕಂಡಕ್ಟರುಗಳು. ಅಪ್ಪನ ಇಲ್ಲವೇ ತಾತನ ಕೈಹಿಡಿದು ಬಂದ ಹತ್ತು ಹನ್ನೆರಡು ವರ್ಷದ ಹುಡುಗರು ಒಂದಿಬ್ಬರು. ಇಪ್ಪತ್ತರಿಂದ ನಲವತ್ತರ ನಡುವಿನವರು ಅಪರೂಪ. ಹೆಂಗಸರು ಇನ್ನೂ ಅಪರೂಪ. ಗುಬ್ಬಿ, ಕುಣಿಗಲ್ಲಿನ ಗೆಳೆಯರ ನಡುವೆಯೂ ಇದೇ ಚಿತ್ರ. ಬೆಂಗಳೂರಿನ ದೊಡ್ಡ ಪ್ರದರ್ಶನಗಳಿಗೆ ಹೋದರೆ ಜನ ಹೆಚ್ಚುತ್ತಾರೆ, ಚಿತ್ರ ಅಷ್ಟಾಗಿ ಬದಲಾಗುವುದಿಲ್ಲ.

ಕೇಳಿದರೆ ಸಿಗುವ ಉತ್ತರ ಒಂದೇ. ಹೆಂಗಸರಿಗೆ ಇದರಲ್ಲಿ ಆಸಕ್ತಿಯಿಲ್ಲ, ಈಗಿನ ಮಕ್ಕಳಿಗೆ ಮೊಬೈಲು ಸಾಕು. ಎರಡನೆಯ ಮಾತಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲನೆಯದು ನಮ್ಮ ಸೀಮೆಯ ಮಟ್ಟಿಗೆ ಪೂರ್ತಿ ತಪ್ಪು ಎಂಬುದೇ ಈ ವಾರ ನನಗೆ ಹೇಳಬೇಕಿರುವ ಮಾತು.

ನಮ್ಮ ಆಲ್ಬಂಗಳಲ್ಲಿರುವ ಹಳೆಯ ನಾಣ್ಯಗಳು ಎಲ್ಲಿಂದ ಬಂದವೆಂದು ಒಮ್ಮೆ ಪ್ರಾಮಾಣಿಕವಾಗಿ ಯೋಚಿಸೋಣ. ಗುಬ್ಬಿ ಹಳೆಯ ವ್ಯಾಪಾರದ ಪೇಟೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಗುಬ್ಬಿಯ ವರ್ತಕರ ವಹಿವಾಟನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಕಾಲದ ಲೆಕ್ಕ ನಡೆಯುತ್ತಿದ್ದುದು ಕಂಠೀರಾಯ ಹಣದಲ್ಲಿ. ಕಂಠೀರವ ನರಸರಾಜ ಒಡೆಯರ ಹೆಸರು ಹೊತ್ತ, ಆರು ಮಿಲಿಮೀಟರಿನ ಆಸುಪಾಸಿನ ಆ ಚಿನ್ನದ ಚೂರು ಅಂಗೈ ಗೆರೆಯಲ್ಲಿ ಕಳೆದುಹೋಗುವಂಥದ್ದು. ಅಡಿಕೆ, ಕೊಬ್ಬರಿ ಮಾರಿ ಗಂಡಸರು ತಂದ ಹಣ ಮನೆಯೊಳಗೆ ಬಂದಮೇಲೆ ಉಳಿದದ್ದು ಯಾರ ಕೈಯಲ್ಲಿ? ಕುಂಕುಮದ ಭರಣಿಯ ತಳದಲ್ಲಿ, ಸಾಸಿವೆ ಡಬ್ಬಿಯಲ್ಲಿ, ದೇವರ ಗೂಡಿನಲ್ಲಿ, ಟ್ರಂಕಿನ ಅಡಿಯಲ್ಲಿ ಮಡಿಸಿಟ್ಟ ಸೀರೆಯ ಗಂಟಿನಲ್ಲಿ. ವರಮಹಾಲಕ್ಷ್ಮಿಯ ಕಲಶಕ್ಕೆಂದು ತೆಗೆದಿಟ್ಟ ವಿಕ್ಟೋರಿಯಾ ರೂಪಾಯಿ ಅಜ್ಜಿಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಬಂದಿದೆ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು ಶುರುಮಾಡಿ 1943ರಿಂದ 1947ರವರೆಗೆ ಟಂಕಿಸಿದ ತೂತಿನ ಕಾಸನ್ನು ಮಗುವಿನ ಉಡಿದಾರಕ್ಕೆ ಪೋಣಿಸಿ ಉಳಿಸಿದವಳು ತಾಯಿ. ಚಲಾವಣೆ ನಿಂತ ದುಡ್ಡನ್ನು ಖರ್ಚು ಮಾಡದೆ, ಕರಗಿಸದೆ, ತಲೆಮಾರು ದಾಟಿಸುವುದೇ ಸಂಗ್ರಹವಾದರೆ ನಮ್ಮ ಜಿಲ್ಲೆಯ ಮೊದಲ ಸಂಗ್ರಾಹಕರು ಇವರೇ. ಇವರ ಡಬ್ಬಿಯಿಂದ ಹೊರಬಿದ್ದ ನಾಣ್ಯ ಮೊಮ್ಮಗನ ಆಲ್ಬಂ ಸೇರಿದ ದಿನ ಮೊಮ್ಮಗ ಸಂಗ್ರಾಹಕನಾದ, ಅಜ್ಜಿಯ ಹೆಸರು ಎಲ್ಲೂ ದಾಖಲಾಗಲಿಲ್ಲ.

ದಾಖಲಾಗದಿರುವುದಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಅವರ ಕೈಗುರುತನ್ನು ನಾವು ದೋಷವೆಂದು ಕರೆಯುತ್ತೇವೆ. ಕಾಸಿನ ಸರಕ್ಕೆಂದು ಕುಣಿಕೆ ಬೆಸೆದ ವಿಕ್ಟೋರಿಯಾ ರೂಪಾಯಿಯನ್ನು ಯಾವ ಡೀಲರ್ ಬಳಿಯಾದರೂ ಒಯ್ಯಿರಿ, ಬರೀ ಬೆಳ್ಳಿಯ ತೂಕಕ್ಕೆ ಬೆಲೆ ಕಟ್ಟುತ್ತಾನೆ. ಹನ್ನೊಂದು ಗ್ರಾಂ ಚಿಲ್ಲರೆ, ಮುಗಿಯಿತು. ಕುಣಿಕೆ ಕಿತ್ತು ಬೆಸುಗೆಯ ಕಲೆ ಉಳಿದಿದ್ದರೂ ಅದೇ ಗತಿ. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿದ ನಾಣ್ಯವಾದರೆ ನಮ್ಮ ಗುಂಪಿನಲ್ಲಿ ತಲೆಯಾಡಿಸುತ್ತಾರೆ. ಮೇಲ್ಮೈ ಹೋಯಿತು, ಅಂಚು ಸವೆಯಿತು, ಅಕ್ಷರ ಮಸುಕಾಯಿತು. ಇದರಲ್ಲಿ ಸತ್ಯವಿದೆ. ಅಚ್ಚಿನ ಭೇದ, ಟಂಕಸಾಲೆಯ ಗುರುತು, ಅಕ್ಷರದ ತಿರುವು ಓದಬೇಕಾದರೆ ಮುಟ್ಟದ ಮೇಲ್ಮೈ ಬೇಕೇ ಬೇಕು. ನನ್ನ ಕೈಗೂ ಅಂಥ ನಾಣ್ಯವೇ ಇಷ್ಟ. ಮನೆಯಲ್ಲಿ ಹಳೆಯ ನಾಣ್ಯವಿದ್ದರೆ ದಯವಿಟ್ಟು ಹುಣಸೆಹಣ್ಣು, ಸಬೀನಾ ಯಾವುದನ್ನೂ ಹಚ್ಚಬೇಡಿ ಎಂದು ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುತ್ತಲೇ ಇರುತ್ತೇನೆ.

ಆದರೆ ಒಂದು ವಿಚಿತ್ರ ಗಮನಿಸಿ. ದಕ್ಷಿಣ ಭಾರತದ ನೆಲದಲ್ಲಿ ಸಿಕ್ಕ ರೋಮನ್ ಚಿನ್ನದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳಿಗೆ ತೂತು ಕೊರೆದಿದೆ. ನಮ್ಮದೇ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲೂ ಚಕ್ರವರ್ತಿಯ ತಲೆಯ ಮೇಲ್ಭಾಗದಲ್ಲಿ ಜೋಡಿ ತೂತುಗಳಿರುವ ನಾಣ್ಯಗಳಿವೆ. ಆ ತೂತುಗಳನ್ನು ವಿದ್ವಾಂಸರು ಹಾನಿಯೆಂದು ಬದಿಗಿಡುವುದಿಲ್ಲ. ಹಣವಾಗಿ ಬಂದದ್ದು ಇಲ್ಲಿ ಒಡವೆಯಾಯಿತು, ಕೊರಳಿಗೇರಿತು ಎಂಬುದಕ್ಕೆ ಸಾಕ್ಷಿಯೆಂದು ಅಳೆದು, ಚಿತ್ರ ಬಿಡಿಸಿ, ಪ್ರಬಂಧ ಬರೆಯುತ್ತಾರೆ. ಸಾವಿರದೈನೂರು ವರ್ಷ ಹಿಂದಿನ ತೂತು ಇತಿಹಾಸ, ಕುಣಿಗಲ್ಲಿನ ಅಜ್ಜಿ ನೂರು ವರ್ಷದ ಹಿಂದೆ ಬೆಸೆಸಿದ ಕುಣಿಕೆ ಮಾತ್ರ ಕಸ! ಈ ಅಳತೆಗೋಲು ಹುಟ್ಟಿದ್ದು ನಾಣ್ಯವನ್ನು ಟ್ರೇಯಲ್ಲಿ ಜೋಡಿಸಿ ಬೀರುವಿನಲ್ಲಿ ಇಡಬಲ್ಲವರ ಮನೆಯಲ್ಲಿ. ಮೈಮೇಲೆ ಹಾಕಿಕೊಂಡು, ಪೂಜೆಗಿಟ್ಟು ಉಳಿಸಿದವರ ಸಂಗ್ರಹ ಈ ಅಳತೆಗೆ ಸಿಗುವುದೇ ಇಲ್ಲ.

ಅಳತೆಗೋಲು ಮಾಡಿದವರು ಯಾರೆಂಬುದು ಗುಟ್ಟೇನಲ್ಲ. ಭಾರತೀಯ ನಾಣ್ಯಶಾಸ್ತ್ರ ಸಂಘ ಹುಟ್ಟಿದ್ದು 1910ರ ಡಿಸೆಂಬರಿನಲ್ಲಿ, ಅಲಹಾಬಾದಿನಲ್ಲಿ. ಸ್ಥಾಪಕರು ಆರು ಮಂದಿ, ಆರೂ ಮಂದಿ ಗಂಡಸರು. ಅದಕ್ಕೂ ಮೊದಲು ದಕ್ಷಿಣದ ನಾಣ್ಯಗಳ ಮೇಲೆ ಬರೆದ ವಾಲ್ಟರ್ ಎಲಿಯಟ್, ಟಫ್ನೆಲ್ ಇಬ್ಬರೂ ಅಧಿಕಾರಿವರ್ಗದ ದೊರೆಗಳು. ನಮ್ಮವರಲ್ಲಿ ಚಂದ್ರವಳ್ಳಿ ಅಗೆದ ಎಂ.ಎಚ್. ಕೃಷ್ಣ, ಕರ್ನಾಟಕದ ನಾಣ್ಯಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಎ.ವಿ. ನರಸಿಂಹಮೂರ್ತಿ ಮುಂತಾದವರ ಋಣ ನಮ್ಮ ಮೇಲೆ ದೊಡ್ಡದಿದೆ. ಬೇಲಾ ಲಾಹಿರಿಯವರಂಥ ವಿದುಷಿಯರು 1970ರ ದಶಕದಲ್ಲೇ ಉತ್ತರ ಭಾರತದ ಪ್ರಾಚೀನ ರಾಜ್ಯಗಳ ನಾಣ್ಯಗಳ ಮೇಲೆ ಗಟ್ಟಿ ಕೆಲಸ ಮಾಡಿದ್ದರೂ ಹವ್ಯಾಸಿಗಳ ಮಾತುಕತೆಯಲ್ಲಿ ಆ ಹೆಸರು ಬರುವುದು ಕಡಿಮೆ. ನಾಣ್ಯದ ಮೇಲೆಯೇ ಹೆಂಗಸಿನ ಹೆಸರು ಬಂದು ಎರಡು ಸಾವಿರ ವರ್ಷವಾಗಿದೆ. ಶಾತವಾಹನರ ಶಾತಕರ್ಣಿಯ ಜೊತೆ ರಾಣಿ ನಾಗನಿಕೆಯ ಹೆಸರೂ ಇರುವ ಬೆಳ್ಳಿಯ ನಾಣ್ಯ ಜುನ್ನರದ ಕಡೆ ಸಿಕ್ಕಿದೆ.

ಇಟಲಿಯ ದೊರೆ ಮೂರನೇ ವಿಕ್ಟರ್ ಇಮ್ಯಾನುಯೆಲ್ ಲಕ್ಷಕ್ಕೂ ಮೀರಿ ನಾಣ್ಯ ಕೂಡಿಸಿದವನು. ಇಪ್ಪತ್ತು ಸಂಪುಟಗಳ ಸೂಚಿ ತಂದವನು. ಅವನ ಸಂಗ್ರಹ ಮೊದಲಾದದ್ದು ಬಾಲ್ಯದಲ್ಲಿ ಅವನ ದಾದಿ ಕೊಟ್ಟ, ಪೋಪ್ ಒಂಬತ್ತನೇ ಪಯಸ್ ಕಾಲದ ಒಂದು ಪುಡಿಗಾಸಿನಿಂದ ಎನ್ನುತ್ತಾರೆ. ನಮ್ಮ ತುಮಕೂರಿನ ಯಾವ ಹಿರಿಯ ಸಂಗ್ರಾಹಕರನ್ನು ಕೇಳಿದರೂ ಕತೆ ಹೀಗೇ ಶುರುವಾಗುತ್ತದೆ. ನಮ್ಮಜ್ಜಿ ಕೊಟ್ಟದ್ದು, ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಅಮ್ಮ ದೇವರ ಮನೆಯಲ್ಲಿ ಇಟ್ಟಿದ್ದು.

ಹಾಗಾದರೆ ಹೆಣ್ಣುಮಕ್ಕಳು ಹವ್ಯಾಸಿಗಳಾಗಿ ಯಾಕೆ ಮುಂದುವರಿಯುವುದಿಲ್ಲ? ಇಲ್ಲಿ ವಯಸ್ಸಿನ ಲೆಕ್ಕ ಬರುತ್ತದೆ. ಒಂಬತ್ತು ಹತ್ತನೇ ವಯಸ್ಸಿನಲ್ಲಿ ಹುಡುಗ ಹುಡುಗಿ ಇಬ್ಬರೂ ಸಮಸಮ. ಶಾಲೆಯಲ್ಲಿ ವಸ್ತುಪ್ರದರ್ಶನವಾದರೆ ಹಲಗೆಗೆ ನಾಣ್ಯ ಅಂಟಿಸಿ ತರುವವರಲ್ಲಿ ಹುಡುಗಿಯರೇ ಮುಂದು, ಹೆಸರು ಇಸವಿ ಅಚ್ಚುಕಟ್ಟಾಗಿ ಬರೆದಿರುವುದೂ ಅವರೇ. (ಅಂಟು ಹಾಕಬಾರದೆಂದು ಮೇಷ್ಟ್ರುಗಳು ಹೇಳಿಕೊಟ್ಟರೆ ದೊಡ್ಡ ಉಪಕಾರ.) ಎಸ್‌ಎಸ್‌ಎಲ್‌ಸಿ ಬಂದಾಗ ಇಬ್ಬರ ಆಲ್ಬಮ್ಮೂ ಅಟ್ಟ ಸೇರುತ್ತದೆ. ಅಲ್ಲಿಂದ ದಾರಿ ಬೇರೆ. ಹುಡುಗ ಓದಿ, ಕೆಲಸ ಹಿಡಿದು, ಮನೆ ಕಟ್ಟಿ, ಸಾಲ ತೀರಿಸಿ, ನಲವತ್ತೈದರ ಹೊತ್ತಿಗೆ ಅಟ್ಟ ಹತ್ತಿದರೆ ಆಲ್ಬಂ ಅಲ್ಲೇ ಇರುತ್ತದೆ. ಹುಡುಗಿಯ ಆಲ್ಬಂ ತವರಿನಲ್ಲೇ ಉಳಿದು ಯಾರ ಪಾಲಿಗೋ ಹೋಗಿರುತ್ತದೆ. ಮದುವೆಯಾಗಿ ಹೋಗುವಾಗ ಸೀರೆ, ಪಾತ್ರೆಯ ಜೊತೆ ನಾಣ್ಯದ ಆಲ್ಬಂ ಕಟ್ಟಿಕೊಟ್ಟ ಮನೆ ನಾನು ಕಂಡಿಲ್ಲ. ಐವತ್ತರ ಗಂಡಸು ಹವ್ಯಾಸಕ್ಕೆ ಮರಳಿ ಬರುತ್ತಾನೆ. ಅದೇ ವಯಸ್ಸಿನ ಹೆಂಗಸಿಗೆ ಮರಳಲು ಜಾಗವೇ ಉಳಿದಿಲ್ಲ.

ಹೊಸದಾಗಿ ಶುರು ಮಾಡೋಣವೆಂದರೆ ದುಡ್ಡು ಮತ್ತು ಭಾನುವಾರ, ಎರಡೂ ಬೇಕು. ಹರಾಜು, ಪ್ರದರ್ಶನ ಎಲ್ಲ ಬೆಂಗಳೂರಿನಲ್ಲಿ, ಹೆಚ್ಚಾಗಿ ವಾರದ ಕೊನೆಗೆ. ಕುಣಿಗಲ್ಲಿನಿಂದ, ಗುಬ್ಬಿಯಿಂದ ಬೆಳಗ್ಗೆ ಬಸ್ಸು ಹಿಡಿದು ರಾತ್ರಿ ಮರಳುವ ಸ್ವಾತಂತ್ರ್ಯ ಅಪ್ಪನಿಗೆ ಸಹಜವಾಗಿ ಇದೆ. ಅಮ್ಮನಿಗೆ ಭಾನುವಾರವೇ ಹೆಚ್ಚು ಕೆಲಸದ ದಿನ. ಸರ್ಕಾರದ ಟಂಕಸಾಲೆಗಳು ಹೊರಡಿಸುವ ನೂರು ರೂಪಾಯಿಯ ಸ್ಮಾರಕ ನಾಣ್ಯ ಮೂವತ್ತೈದು ಗ್ರಾಂ ತೂಕದ್ದು, ಬಹುಕಾಲ ಅರ್ಧ ಬೆಳ್ಳಿಯಾಗಿ ಬಂದದ್ದು. ಅದರ ಪೆಟ್ಟಿಗೆಗೆ ಮುಖಬೆಲೆಯ ಹತ್ತಾರು ಪಟ್ಟು ತೆರಬೇಕು. ಮನೆಖರ್ಚಿನಿಂದ ಉಳಿಸಿ ಇದನ್ನು ಕೊಳ್ಳುತ್ತೇನೆಂದು ಹೇಳಬಲ್ಲ ಗೃಹಿಣಿ ಎಷ್ಟು ಜನ? ಹತ್ತು ವರ್ಷದ ಮಗುವಂತೂ ಕೇಳುವ ಹಾಗೇ ಇಲ್ಲ. ಈ ಹವ್ಯಾಸ ದುಬಾರಿಯಾದಷ್ಟೂ ಅದರಲ್ಲಿ ಉಳಿಯುವುದು ಸ್ವಂತ ಗಳಿಕೆಯ, ಜವಾಬ್ದಾರಿ ಕಳೆದ ಗಂಡಸರೇ.

ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆದಿದೆ. 1999ರಿಂದ 2008ರವರೆಗೆ ಅಲ್ಲಿನ ಐವತ್ತು ರಾಜ್ಯಗಳಿಗೆ ಒಂದೊಂದರಂತೆ, ವರ್ಷಕ್ಕೆ ಐದು, ಕಾಲು ಡಾಲರಿನ ನಾಣ್ಯಗಳನ್ನು ಚಲಾವಣೆಗೆ ಬಿಟ್ಟರು. ಅಂಗಡಿಯಲ್ಲಿ ಕೊಡುವ ಚಿಲ್ಲರೆಯಲ್ಲೇ ಸಿಗುವ ನಾಣ್ಯ. ದೇಶದ ಅರ್ಧದಷ್ಟು ಜನ ಏನೋ ಒಂದು ಬಗೆಯಲ್ಲಿ ಕೂಡಿಸಿದರೆಂದು ಅಲ್ಲಿನ ಟಂಕಸಾಲೆಯೇ ಹೇಳಿಕೊಂಡಿತು. ದೇಶದ ಅರ್ಧ ಎಂದಮೇಲೆ ಅದರಲ್ಲಿ ಹೆಂಗಸರು, ಮಕ್ಕಳು, ಮುದುಕರು ಎಲ್ಲ ಬಂದರು. ಆಸಕ್ತಿ ಎಲ್ಲರಲ್ಲೂ ಇತ್ತು, ಅಲ್ಲಿಯವರೆಗೆ ಬಾಗಿಲು ಅವರ ಎತ್ತರಕ್ಕೆ ಇರಲಿಲ್ಲ.

ನಮ್ಮಲ್ಲೂ ಅಂಥ ಬಾಗಿಲು ಒಂದು ಕಾಲಕ್ಕೆ ಇತ್ತು. 1957ರಲ್ಲಿ ನಯಾಪೈಸೆ ಬಂದಮೇಲಿನ ಮೂವತ್ತು ನಲವತ್ತು ವರ್ಷ ಅಂಥ ಕಾಲ. ಒಂದು, ಎರಡು, ಮೂರು, ಐದು, ಹತ್ತು ಪೈಸೆ, ತಾವರೆಯ ಇಪ್ಪತ್ತು ಪೈಸೆ, ಘೇಂಡಾಮೃಗದ ನಾಲ್ಕಾಣೆ, ಆಕಾರ ಬೇರೆ, ಲೋಹ ಬೇರೆ, ಸಂತೆಯ ಚಿಲ್ಲರೆಯಲ್ಲೇ ಎಲ್ಲ. ಆಗಿನ ಕೆಲವು ನಾಣ್ಯಗಳ ವಿಷಯವೇ ಹೆಂಗಸರು. 1975ರ ಮಹಿಳಾ ವರ್ಷದಲ್ಲಿ ಸಮಾನತೆ, ಅಭಿವೃದ್ಧಿ, ಶಾಂತಿ ಎಂದು ಬರೆದ ಹತ್ತು ಪೈಸೆ, 1980ರಲ್ಲಿ ಗ್ರಾಮೀಣ ಮಹಿಳೆಯರ ಪ್ರಗತಿಯ ನಾಣ್ಯ, 1990ರಲ್ಲಿ ಹೆಣ್ಣುಮಗುವಿನ ಹೆಸರಲ್ಲಿ ಬಂದ ಒಂದು ರೂಪಾಯಿ. ಹೆಣ್ಣುಮಕ್ಕಳು ಶುರು ಮಾಡಲು ಇದಕ್ಕಿಂತ ಒಳ್ಳೆಯ ಸೆಟ್ಟು ನನಗೆ ಗೊತ್ತಿಲ್ಲ, ಬೆಲೆಯೂ ಕೈಗೆಟುಕುವಂಥದ್ದು. 2011ರ ಜೂನ್ 30ರಿಂದಾಚೆಗೆ ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣವು ಚಲಾವಣೆ ಕಳೆದುಕೊಂಡವು. ಈಗ ಸೊಪ್ಪಿನವಳ ತಕ್ಕಡಿಯ ಪಕ್ಕದಲ್ಲೂ ಕ್ಯೂಆರ್ ಹಲಗೆ ನಿಂತಿದೆ. ಮಗು ನಾಣ್ಯವನ್ನು ಕೈಯಲ್ಲಿ ಹಿಡಿಯದೆಯೇ ಬೆಳೆಯುತ್ತಿದೆ. ಮೊಬೈಲಿನ ದೂರಿನಲ್ಲಿ ಸತ್ಯ ಇರುವುದು ಇಷ್ಟೇ. ಮಗುವಿನ ಮನಸ್ಸನ್ನು ಮೊಬೈಲ್ ಕದ್ದಿಲ್ಲ, ಅಮ್ಮನ ಕೈಯ ಚಿಲ್ಲರೆಯನ್ನು ಕದ್ದಿದೆ.

ಇದ್ದ ಆಸಕ್ತಿಯನ್ನು ಕೆಡಿಸುವ ಇನ್ನೊಂದು ಪಿಡುಗಿದೆ. ವೈಷ್ಣೋದೇವಿಯ ಐದು ರೂಪಾಯಿ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನು ಮಾಡುವವರು ಗುರಿಯಿಡುವುದೇ ಹೊಸಬರನ್ನು, ಮನೆಯಲ್ಲಿರುವ ಹೆಂಗಸರನ್ನು, ಕಾಲೇಜು ಹುಡುಗರನ್ನು. ರಿಸರ್ವ್ ಬ್ಯಾಂಕು 2021ರಲ್ಲೇ ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಪ್ರಕಟಣೆ ಹೊರಡಿಸಿದೆ. ಒಮ್ಮೆ ಮೋಸ ಹೋದವರು ನಾಣ್ಯದ ಹೆಸರೆತ್ತಿದರೆ ಮುಖ ತಿರುಗಿಸುತ್ತಾರೆ. ಅವರನ್ನು ಮತ್ತೆ ಕರೆತರುವುದು ಬಲು ಕಷ್ಟ.

ನಮ್ಮ ಗೆಳೆಯರಲ್ಲಿ ನನ್ನ ಬೇಡಿಕೆ ಎರಡು. 2022ರ ಜೂನಿನಲ್ಲಿ ಅಮೃತ ಮಹೋತ್ಸವದ ಗುರುತಿನೊಡನೆ ಒಂದು, ಎರಡು, ಐದು, ಹತ್ತು, ಇಪ್ಪತ್ತರ ನಾಣ್ಯಗಳು ಚಲಾವಣೆಗೆಂದೇ ಬಂದವು. ಐದೂ ಸೇರಿ ಮುಖಬೆಲೆ ಮೂವತ್ತೆಂಟು ರೂಪಾಯಿ. ನಿಮ್ಮ ಹತ್ತಿರ ಎರಡೆರಡು ಸೆಟ್ ಇದ್ದರೆ ಒಂದನ್ನು ಮಗನ ಜೊತೆ ಮಗಳಿಗೂ ಕೊಡಿ, ಅವಳು ಮದುವೆಯಾಗಿ ಹೋಗುವಾಗ ಆಲ್ಬಂ ಅವಳ ಜೊತೆಯೇ ಹೋಗಲಿ. ಇನ್ನೊಂದು, ಕುಣಿಕೆಯ ರೂಪಾಯಿಯನ್ನು ತೂಕಕ್ಕೆ ಮಾರಬೇಡಿ, ಕುಣಿಕೆಯನ್ನು ಕೀಳಿಸಲೂ ಬೇಡಿ. ಅದನ್ನು ಬೇರೆ ಪೌಚಿನಲ್ಲಿ ಹಾಕಿ, ಜೊತೆಗೆ ಚೀಟಿ ಇಡಿ.

ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಸಾರಾ ಸೋಫಿಯಾ ಬ್ಯಾಂಕ್ಸ್ ಎಂಬಾಕೆ ಒಂಬತ್ತು ಸಾವಿರದಷ್ಟು ನಾಣ್ಯ, ಪದಕ, ಟೋಕನ್ನುಗಳನ್ನು ಕೂಡಿಸಿದ್ದಳು. ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನ ತಂಗಿ. 1818ರಲ್ಲಿ ಆಕೆ ತೀರಿಕೊಂಡಮೇಲೆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂ ಮತ್ತು ರಾಯಲ್ ಮಿಂಟಿಗೆ ಸೇರಿತು. ಅದರ ಬೆಲೆ ಇಂದು ಹೆಚ್ಚಿರುವುದು ಆಕೆ ಬರೆದಿಟ್ಟ ಪುಸ್ತಕಗಳಿಂದ, ಯಾವ ನಾಣ್ಯವನ್ನು ಯಾರು ಕೊಟ್ಟರು, ಯಾವಾಗ ಎಂಬ ಲೆಕ್ಕದಿಂದ. ನಮ್ಮ ಚೀಟಿಯಲ್ಲೂ ಅಷ್ಟೇ ಸಾಕು. ನಾಣ್ಯದ ಹೆಸರು, ಇಸವಿ. ಯಾವ ಊರಿನ ಯಾವ ಮನೆಯದು. ಯಾರ ಕೊರಳಲ್ಲಿತ್ತು, ಯಾರಿಂದ ಯಾರಿಗೆ ಬಂತು. ಅಜ್ಜಿಯ ಹೆಸರನ್ನು ಪೂರ್ತಿ ಬರೆಯಿರಿ, ಇಂಥವರ ತಾಯಿ, ಇಂಥವರ ಪತ್ನಿ ಎಂದು ಮುಗಿಸಬೇಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ಶಾಯಿ ತೇವಕ್ಕೆ ಹರಡುತ್ತದೆ. ಚೀಟಿ ನಾಣ್ಯಕ್ಕೆ ತಾಗದಂತೆ ಪೌಚಿನ ಇನ್ನೊಂದು ಮಗ್ಗುಲಲ್ಲಿರಲಿ.

ಮುಂದಿನ ವಾರ ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ ಟಂಕಸಾಲೆಗಳ ಗುರುತುಗಳನ್ನು ನೋಡೋಣ. ಮನೆಯಲ್ಲಿರುವ ಒಂದು ರೂಪಾಯಿಗಳನ್ನೆಲ್ಲ ಒಂದು ತಟ್ಟೆಗೆ ಸುರಿದು, ಒಂದು ಭೂತಗನ್ನಡಿ ಜೊತೆಗಿಟ್ಟುಕೊಳ್ಳಿ.