ಮಡಿಲ ಮಗು, ಶಿಲುಬೆಯ ನೆರಳು: ಮಡೋನ್ನಾ ಚಿತ್ರಗಳನ್ನು ನೋಡುವ ಬಗೆ

ಬಾಲಯೇಸುವನ್ನು ಎತ್ತಿಕೊಂಡ ಮರಿಯಮಾತೆಯ ಚಿತ್ರಗಳು ಮಡೋನ್ನಾ ಎಂದು ಹೆಸರಾಗಿವೆ. 15ನೇ ಶತಮಾನದ ಇಟಲಿಯ ಚಿತ್ರಕಾರರು ಇವನ್ನು ಚರ್ಚಿನ ಪೂಜಾಪೀಠಕ್ಕೂ ಮನೆಯ ಪ್ರಾರ್ಥನೆಗೂ ಮತ್ತೆ ಮತ್ತೆ ಬರೆದರು. ಮೊದಲ ನೋಟಕ್ಕೆ ಕಾಣುವುದು ತಾಯಿಯ ಅಕ್ಕರೆ, ಮಗುವಿನ ಆಟ. ಆದರೆ ಆ ಮಗುವಿನ ಕೈಯ ಹಣ್ಣು, ಕೊರಳ ಹವಳ, ಕಣ್ಣಿನ ನಿದ್ದೆ ಎಲ್ಲವೂ ಮುಂದೆ ಶಿಲುಬೆಯ ಮೇಲೆ ಬರಲಿರುವ ಸಾವನ್ನು ಸೂಚಿಸುತ್ತವೆ.

ಬಣ್ಣದಿಂದಲೇ ಅರ್ಥ ಶುರುವಾಗುತ್ತದೆ. ಮರಿಯಳ ಮೇಲುಹೊದಿಕೆಯ ಶ್ರೇಷ್ಠ ನೀಲಿಯನ್ನು ಅಫ್ಘಾನಿಸ್ತಾನದ ಬದಕ್ಷಾನ್‌ನಿಂದ ಬಂದ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆಯುತ್ತಿದ್ದರು. ಅಷ್ಟು ದುಬಾರಿ ಬಣ್ಣವನ್ನು ಅವಳಿಗೆ ಬಳಸುವುದೇ ಒಂದು ಅರ್ಪಣೆ. ಭುಜದ ಮೇಲಿನ ಚಿನ್ನದ ನಕ್ಷತ್ರ ‘ಸಮುದ್ರ ತಾರೆ’ ಎಂಬ ಅವಳ ಬಿರುದಿನ ಗುರುತು.

ಹಣ್ಣುಗಳಿಗೆ ಒಂದೊಂದು ಅರ್ಥವಿದೆ. ಮಸಾಚ್ಚೊ 1426ರಲ್ಲಿ ಪೀಸಾ ನಗರದ ಚರ್ಚಿಗಾಗಿ ಬರೆದ ಚಿತ್ರದಲ್ಲಿ ಮಗು ತಾಯಿಯ ಕೈಯಿಂದ ದ್ರಾಕ್ಷಿ ತೆಗೆದು ಬಾಯಿಗಿಡುತ್ತಿದೆ. ದ್ರಾಕ್ಷಿಯಿಂದ ದ್ರಾಕ್ಷಾರಸ, ಪರಮಪ್ರಸಾದದಲ್ಲಿ ಅದೇ ಕ್ರಿಸ್ತನ ರಕ್ತ. ಬೊಟ್ಟಿಚೆಲ್ಲಿ ಸುಮಾರು 1487ರಲ್ಲಿ ಬರೆದ ದುಂಡು ಚಿತ್ರದಲ್ಲಿ ಒಡೆದ ದಾಳಿಂಬೆ ಇದೆ. ಅದರ ಕೆಂಪು ಯಾತನೆಯನ್ನೂ ಪುನರುತ್ಥಾನವನ್ನೂ ನೆನಪಿಸಿದರೆ, ಒಂದೇ ಸಿಪ್ಪೆಯೊಳಗಿನ ಹಲವು ಕಾಳುಗಳು ಭಕ್ತಸಮೂಹವನ್ನು ಸೂಚಿಸುತ್ತವೆ. ಸೇಬು ಆದಾಮ–ಹವ್ವರ ಪಾಪದ ಕುರುಹು. ಅದನ್ನು ಹಿಡಿದ ಮಗು ಆ ಪಾಪವನ್ನು ಕಳೆಯಲು ಬಂದವನು.

ಕೆಲವು ಚಿತ್ರಗಳಲ್ಲಿ ಮಗುವಿನ ಬಳಿ ಕಾಣುವ ಕೆಂಪು ಮುಖದ ಪುಟ್ಟ ಹಕ್ಕಿ ಗೋಲ್ಡ್‌ಫಿಂಚ್. ಕ್ರಿಸ್ತನ ಮುಳ್ಳಿನ ಕಿರೀಟದಿಂದ ಮುಳ್ಳು ಕೀಳುವಾಗ ಅದಕ್ಕೆ ರಕ್ತ ತಾಗಿತೆಂಬುದು ಐತಿಹ್ಯ.

ಇಟಲಿಯ ತಾಯಂದಿರು ಕೇಡು ತಟ್ಟದಿರಲೆಂದು ಮಕ್ಕಳ ಕೊರಳಿಗೆ ಹವಳ ಕಟ್ಟುತ್ತಿದ್ದರು. ಮಿಲಾನಿನ ಬ್ರೇರಾ ಸಂಗ್ರಹಾಲಯದಲ್ಲಿರುವ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಚಿತ್ರದಲ್ಲಿ ಮಗು ಅಂಥದೇ ಹವಳ ತೊಟ್ಟು ತಾಯಿಯ ತೊಡೆಯ ಮೇಲೆ ಮಲಗಿದೆ. ರಕ್ಷೆಯ ಆ ಹವಳವೇ ರಕ್ತದ ಬಣ್ಣದ್ದು. ಜೊವಾನ್ನಿ ಬೆಲ್ಲಿನಿ ಸುಮಾರು 1500ರಲ್ಲಿ ಬರೆದ ‘ಹುಲ್ಲುಗಾವಲಿನ ಮಡೋನ್ನಾ’ದಲ್ಲಿ ನಿದ್ದೆಯ ಮಗುವಿನ ಭಂಗಿ ಶಿಲುಬೆಯಿಂದ ಇಳಿಸಿ ತಾಯಿಯ ಮಡಿಲಲ್ಲಿಟ್ಟ ಕ್ರಿಸ್ತನ ದೇಹವನ್ನು ಹೋಲುತ್ತದೆ.

ಇಂಥ ಚಿತ್ರದ ಮುಂದೆ ನಿಂತಾಗ ಮೊದಲು ಮಗುವಿನ ಕೈಯನ್ನೂ ಕೊರಳನ್ನೂ ನೋಡಬೇಕು, ಆಮೇಲೆ ತಾಯಿಯ ಮುಖವನ್ನು. ಅವಳು ನಗದೆ ಇರುವುದಕ್ಕೆ ಕಾರಣ ಆಗ ತಿಳಿಯುತ್ತದೆ.