ವಿದ್ಯುತ್ಕೋಶಕ್ಕೆ ರಾಜಾಶ್ರಯ

ಮಳೆಗಾಲದ ಕಕ್ಕಡ ಮಾಸದಲ್ಲಿ ಬ್ರಹ್ಮಗಿರಿಯ ಮೋಡ ಕೊಡಗಿನ ಶ್ರೀಮಂಗಲದ ಮೇಲೆ ಕವಿದು ಕುಳಿತಿತೆಂದರೆ, ಯಾವುದೋ ತೋಟದ ಸಿಲ್ವರ್ ಮರವೊಂದು ತಂತಿಯ ಮೇಲೆ ಉರುಳಿ, ಚೆಸ್ಕಾಂ ಲೈನ್‌ಮ್ಯಾನ್‌ಗಳು ಸುರಿಯುವ ಮಳೆಯಲ್ಲಿ ಆ ಮರವನ್ನು ಹುಡುಕಿ ಕಡಿದು ತಂತಿಯನ್ನು ಮತ್ತೆ ಎಳೆದು ಕಟ್ಟುವವರೆಗೆ, ಎರಡು ಮೂರು ದಿನ ದೀಪವಿಲ್ಲದೆ ಕಳೆಯುವುದು ಇಲ್ಲಿಯವರಿಗೆ ಅಭ್ಯಾಸವಾಗಿಹೋದ ಸಂಗತಿ. ಆದಕಾರಣ ಜಗುಲಿಯ ಮೂಲೆಯಲ್ಲಿ ಇನ್ವರ್ಟರೊಂದು, ಅದರ ಪಕ್ಕದಲ್ಲಿ ಸೀಸ ಮತ್ತು ಆಮ್ಲದ ಭಾರವಾದ ಬ್ಯಾಟರಿಯೊಂದು ಈ ಸೀಮೆಯ ಬಹುತೇಕ ಮನೆಗಳಲ್ಲಿ ಕುಟುಂಬದ ಸದಸ್ಯನಂತೆ ನೆಲಸಿವೆ. ಮಳೆಗಾಲಕ್ಕೆ ಮುನ್ನ ಅದರ ಮುಚ್ಚಳಗಳ ಕೆಂಪು ಸೂಚಕಗಳನ್ನು ನೋಡಿ ಡಿಸ್ಟಿಲ್ಡ್ ವಾಟರ್ ಹಾಕುವುದು, ಟರ್ಮಿನಲ್ಲಿನ ಮೇಲೆ ಹೂವಿನಂತೆ ಅರಳಿದ ಹಸಿರುಬಿಳಿ ಕಿಲುಬನ್ನು ಬಿಸಿನೀರಿನಿಂದ ತೊಳೆದು ಗ್ರೀಸ್ ಸವರುವುದು, ಇವು ಗೃಹಕೃತ್ಯದ ಭಾಗವೇ ಆಗಿವೆ.

ಆರೇಳು ವರ್ಷ ದುಡಿದ ನಮ್ಮ ಮನೆಯ ಬ್ಯಾಟರಿಯೊಂದು ಹಿಂದೊಮ್ಮೆ ಕೈಕೊಟ್ಟಾಗ, ಆಟೋದಲ್ಲಿ ಕೂಗುತ್ತ ಬಂದ ಗುಜರಿಯವನು ಅದನ್ನು ಅಂಗಳದ ಅಂಚಿಗೆ ಎಳೆದು, ತಲೆಕೆಳಗು ಮಾಡಿ, ಒಳಗಿನ ಆಮ್ಲವನ್ನೆಲ್ಲ ಚರಂಡಿಗೆ ಸುರಿದು, ತಕ್ಕಡಿಗೆ ನೇತುಹಾಕಿ, ಕಿಲೋ ಲೆಕ್ಕದಲ್ಲಿ ಹಣವೆಣಿಸಿ ಕೊಟ್ಟು ಹೋದನು. ಮರುದಿನ ಚರಂಡಿಯ ಬದಿಯ ಹುಲ್ಲು ಸುಟ್ಟು ಬಿಳಿಚಿಕೊಂಡಿತ್ತು. ಆ ಚರಂಡಿ ತೋಡಿಗೆ ಸೇರುತ್ತದೆ; ತೋಡು ಲಕ್ಷ್ಮಣತೀರ್ಥಕ್ಕೆ ಸೇರುತ್ತದೆ. ಹಣವನ್ನು ತೆಗೆದುಕೊಂಡವನು ನಾನೇ ಆದುದರಿಂದ ಈ ಅಪರಾಧದಲ್ಲಿ ನನ್ನ ಪಾಲೂ ಉಂಟು. ಸುಸ್ಥಿರ ಬ್ಯಾಟರಿ ಉದ್ಯಮವೆಂಬ ಮಾತನ್ನು ಸರಕಾರದ ಕಾಗದಗಳಲ್ಲಿ ಓದುವಾಗಲೆಲ್ಲ ಆ ಹುಲ್ಲು ನನ್ನ ಕಣ್ಣೆದುರು ನಿಲ್ಲುತ್ತದೆ.

ಕರ್ನಾಟಕಕ್ಕೆ ಈ ವಿಷಯದಲ್ಲಿ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸಬೇಕು. 2001ರಲ್ಲಿ ಬೆಂಗಳೂರಿನಿಂದ ಹೊರಟ ರೇವಾ ಎಂಬ ಪುಟ್ಟ ವಿದ್ಯುತ್ ಕಾರು, ಇದೇ ಸೀಸದ ಬ್ಯಾಟರಿಗಳ ಬಲದಿಂದ ಲಂಡನ್ ನಗರದ ಬೀದಿಗಳವರೆಗೂ ಹೋಗಿ, ದೇಶಕ್ಕೆ ಒಂದು ದಾರಿಯನ್ನು ತೋರಿಸಿತು. 2017ರಲ್ಲಿ ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹಣೆಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ಪ್ರಕಟಿಸಿದ ರಾಜ್ಯಗಳಲ್ಲಿ ನಮ್ಮದೇ ಮೊದಲನೆಯದು. 31,000 ಕೋಟಿ ರೂಪಾಯಿಗಳ ಬಂಡವಾಳ, 55,000 ಉದ್ಯೋಗ, ಇವು ಅದರ ಗುರಿಗಳಾಗಿದ್ದವು. ಶೀರ್ಷಿಕೆಯಲ್ಲಿಯೇ ವಾಹನದ ಜೊತೆಗೆ ಶಕ್ತಿ ಸಂಗ್ರಹಣೆಯನ್ನೂ ಸೇರಿಸಿದುದು ದೂರದೃಷ್ಟಿಯ ಲಕ್ಷಣವೆಂದೇ ನಾನು ಭಾವಿಸುತ್ತೇನೆ. ಏಕೆಂದರೆ ವಾಹನದ ಬೆಲೆಯ ಬಹುದೊಡ್ಡ ಪಾಲು ಅದರ ಬ್ಯಾಟರಿಯಲ್ಲಿ ಅಡಗಿದೆ. 2021ರ ತಿದ್ದುಪಡಿ ಸ್ಥಿರ ಬಂಡವಾಳದ ಮೇಲೆ ಶೇ. 15ರ ಸಹಾಯಧನವನ್ನು ಐದು ವಾರ್ಷಿಕ ಕಂತುಗಳಲ್ಲಿ ಕೊಡುವುದಾಗಿ ಹೇಳಿತು. 2025ರಲ್ಲಿ ಬಂದ ಸ್ವಚ್ಛ ಸಂಚಾರ ನೀತಿಯಾದರೋ ಗುರಿಯನ್ನು 50,000 ಕೋಟಿ ರೂಪಾಯಿ, ಒಂದು ಲಕ್ಷ ಉದ್ಯೋಗಗಳಿಗೆ ಏರಿಸಿತು.

ಕೇಂದ್ರ ಸರಕಾರವು ಇದಕ್ಕಿಂತ ದೊಡ್ಡ ಕೈಯನ್ನೇ ಚಾಚಿತು. 2021ರ ಮೇ ತಿಂಗಳಲ್ಲಿ 18,100 ಕೋಟಿ ರೂಪಾಯಿಗಳನ್ನು ತೆಗೆದಿಟ್ಟು, ವರ್ಷಕ್ಕೆ 50 ಗಿಗಾವಾಟ್ ಗಂಟೆಗಳಷ್ಟು ವಿದ್ಯುತ್ಕೋಶಗಳು ಈ ದೇಶದಲ್ಲಿಯೇ ತಯಾರಾಗಬೇಕು, ಮೌಲ್ಯದ ಶೇ. 25ರಷ್ಟು ಎರಡು ವರ್ಷಗಳಲ್ಲಿ, ಶೇ. 60ರಷ್ಟು ಐದು ವರ್ಷಗಳಲ್ಲಿ ಸ್ವದೇಶದ್ದಾಗಬೇಕು ಎಂದು ವಿಧಿಸಿತು. ಕೋಶಗಳನ್ನು ಮಾರಿದ ಮೇಲೆಯೇ ಸಹಾಯಧನವೆಂಬ ಈ ಯೋಜನೆಯ ನಿಯಮದಲ್ಲಿ ಬೊಕ್ಕಸದ ಹಿತವಿದೆ, ಅದನ್ನು ದೂಷಿಸಲಾಗದು. ಆದರೆ ಫಲವೇನಾಯಿತು? ನಾಲ್ಕು ವರ್ಷ ಸಂದು 2025ರ ಅಕ್ಟೋಬರ್ ಬಂದರೂ ಈ ಯೋಜನೆಯಡಿ ಸ್ಥಾಪಿತವಾದ ಸಾಮರ್ಥ್ಯವು ಒಂದೂವರೆ ಗಿಗಾವಾಟ್ ಗಂಟೆಯನ್ನು ಮುಟ್ಟಲಿಲ್ಲ. ಆಯ್ಕೆಗೊಂಡ ಮೂರು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಚಿನ್ನದ ವ್ಯಾಪಾರದ ಮನೆ. ವಿದ್ಯುದ್ರಸಾಯನದಲ್ಲಿ ಕೈ ಪಳಗಿಸಿಕೊಂಡವರಿಗಿಂತ ಹರಾಜಿನಲ್ಲಿ ದೊಡ್ಡ ಮಾತು ಕೊಡಬಲ್ಲವರಿಗೆ ಅನುಕೂಲವಾಗುವಂತೆ ನಿಯಮಗಳನ್ನು ಹೆಣೆದರೆ ಹೀಗಲ್ಲದೆ ಬೇರೆ ಹೇಗಾದೀತು? ದಶಕಗಳಿಂದ ಸೀಸದ ಬ್ಯಾಟರಿಯನ್ನು ತಯಾರಿಸುತ್ತ ಬಂದ ಎಕ್ಸೈಡ್ ಸಂಸ್ಥೆಯು ಈ ಫಲಾನುಭವಿಗಳ ಪಟ್ಟಿಯ ಹೊರಗಿದ್ದುಕೊಂಡೇ, ದೇವನಹಳ್ಳಿಯ ಬಳಿ 12 ಗಿಗಾವಾಟ್ ಗಂಟೆಯ ಗುರಿಯಿಟ್ಟು ಕಾರ್ಖಾನೆ ಕಟ್ಟತೊಡಗಿತು. ಅದಕ್ಕೂ ತಂತ್ರಜ್ಞಾನವನ್ನು ಚೀನಾದಿಂದಲೇ ತರಬೇಕಾಯಿತೆಂಬುದು ಗಮನಿಸಬೇಕಾದ ಮಾತು.

ವಿದ್ಯುತ್ಕೋಶವನ್ನು ಮಾಡುವುದು ಎಂಥ ಸೂಕ್ಷ್ಮ ಕಾರ್ಯವೆಂಬುದನ್ನು ಶ್ರೀಮಂಗಲದವರಿಗೆ ತಿಳಿಸುವುದು ಸುಲಭ. ಕಕ್ಕಡದಲ್ಲಿ ಇಲ್ಲಿ ಡಬ್ಬಿಯೊಳಗಿನ ಉಪ್ಪು ನೀರಾಗುತ್ತದೆ, ಮುಚ್ಚಿಟ್ಟ ಚಪ್ಪಲಿಗೆ ಬೂಷ್ಟು ಬರುತ್ತದೆ. ಲಿಥಿಯಮ್ ಕೋಶವನ್ನು ಜೋಡಿಸುವ ಕೋಣೆಯ ಗಾಳಿಯಲ್ಲಾದರೋ ತೇವದ ಲೇಶವೂ ಇರಕೂಡದು. ತೇವ ಸೋಕಿದರೆ ಒಳಗಿನ ಲವಣ ಕೆಟ್ಟು ಆಮ್ಲವಾಗಿ ಕೋಶವು ಹುಟ್ಟುವಾಗಲೇ ರೋಗಗ್ರಸ್ತವಾಗುತ್ತದೆ. ತಾಮ್ರ ಮತ್ತು ಅಲ್ಯುಮಿನಿಯಮ್ಮಿನ ತೆಳುಹಾಳೆಗಳ ಮೇಲೆ ಲೇಪವನ್ನು ಕೂದಲೆಳೆಯ ವ್ಯತ್ಯಾಸವೂ ಇಲ್ಲದಂತೆ ಹಚ್ಚಬೇಕು. ಯಂತ್ರಗಳನ್ನು ಹಣ ಕೊಟ್ಟು ತರಬಹುದು; ಆ ಯಂತ್ರಗಳನ್ನು ಅರಿತು ನಡೆಸುವ ಕೈಗಳನ್ನು ತಯಾರಿಸುವುದಕ್ಕೆ ಕಾಲ ಬೇಕು, ಶಾಲೆ ಬೇಕು, ಸೋಲನ್ನು ಸಹಿಸುವ ಪೋಷಕರು ಬೇಕು.

ಹಾಗೆಂದು ನಮ್ಮಲ್ಲಿ ವಿದ್ಯೆಗೆ ಬಡತನವಿತ್ತೇ? ಕಾರೈಕುಡಿಯಲ್ಲಿ ಕೇಂದ್ರ ವಿದ್ಯುದ್ರಸಾಯನ ಸಂಶೋಧನಾಲಯವು 1953ರಿಂದ ಇದೆ. ಕೋಬಾಲ್ಟ್ ಮತ್ತು ನಿಕ್ಕಲ್‌ಗಳ ಹಂಗಿಲ್ಲದ, ಅಗ್ಗವೂ ಹೆಚ್ಚು ಸುರಕ್ಷಿತವೂ ಆದ ಲಿಥಿಯಮ್ ಕಬ್ಬಿಣ ಫಾಸ್ಫೇಟ್ ಎಂಬ ದ್ರವ್ಯವನ್ನು ಲೋಕಕ್ಕೆ ತಿಳಿಸಿದ 1997ರ ಪ್ರಬಂಧವು ಟೆಕ್ಸಾಸ್‌ನಲ್ಲಿದ್ದ ವಿಜ್ಞಾನಿ ಗುಡ್‌ಇನಫ್ ಅವರ ಪ್ರಯೋಗಶಾಲೆಯಿಂದ ಹೊರಟಿತು. ಅವರೊಡನೆ ಆ ಪ್ರಬಂಧಕ್ಕೆ ರುಜು ಹಾಕಿದವರು ಎ. ಕೆ. ಪಾಧಿ ಮತ್ತು ಕೆ. ಎಸ್. ನಂಜುಂಡಸ್ವಾಮಿ. ಆ ಎರಡು ಹೆಸರುಗಳನ್ನು ಓದಿದಾಗ ನನಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಆದವು. ಅದೇ ದ್ರವ್ಯದ ಕೋಶಗಳನ್ನು ಇಂದು ನಾವು ಹಡಗಿನಲ್ಲಿ ಚೀನಾದಿಂದ ತರಿಸಿಕೊಳ್ಳುತ್ತೇವೆ.

ರಾಜಾಶ್ರಯವೆಂದರೆ ಹೇಗಿರಬೇಕೆಂಬುದಕ್ಕೆ ನಿದರ್ಶನವನ್ನು ಕೊಡಗಿನವರು ದೂರದಲ್ಲಿ ಹುಡುಕಬೇಕಾಗಿಲ್ಲ. 1925ರಲ್ಲಿ ಮೈಸೂರು ಸರಕಾರವು ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ತೆರೆಯಿತು. 1942ರ ಕಾಫಿ ಕಾಯಿದೆಯಿಂದ ಬಂದ ಮಂಡಳಿ, ಯುದ್ಧಕಾಲದಲ್ಲಿ ವಿದೇಶದ ಪೇಟೆ ಮುಚ್ಚಿ ಕಂಗೆಟ್ಟಿದ್ದ ಬೆಳೆಗಾರನ ಫಸಲನ್ನೆಲ್ಲ ಒಟ್ಟುಗೂಡಿಸಿ ತಾನೇ ಮಾರಿತು. 1946ರಲ್ಲಿ ಚೆಟ್ಟಳ್ಳಿಯಲ್ಲಿ ಉಪಕೇಂದ್ರವೂ ಆಯಿತು. ಎಸ್. 795 ಎಂಬ ಅರೇಬಿಕಾ ತಳಿ ಬಂದುದು ಬಾಳೆಹೊನ್ನೂರಿನ ದುಡಿಮೆಯಿಂದ. ಮಂಡಳಿಯ ಏಕಸ್ವಾಮ್ಯವು ಕಾಲಾಂತರದಲ್ಲಿ ಬೆಳೆಗಾರನಿಗೆ ಹೊರೆಯಾಗಿ, ಹಣಕ್ಕಾಗಿ ವರ್ಷಗಟ್ಟಲೆ ಕಾಯುವಂತಾಗಿ, 1990ರ ದಶಕದಲ್ಲಿ ಅದು ಕಳಚಿಬಿದ್ದುದೂ ನಿಜವೇ. ಅದು ಹೋದುದಕ್ಕೆ ನಾನು ಮರುಗುವವನಲ್ಲ. ಆದರೂ ವಿದ್ಯೆ ಮೊದಲು, ಪೇಟೆಯ ಭರವಸೆ ಅನಂತರ, ಎರಡೂ ತೋಟದ ಬಾಗಿಲವರೆಗೆ ಎಂಬ ಆ ಕ್ರಮದಲ್ಲಿ ಒಂದು ವಿವೇಕವಿತ್ತು. ಬ್ಯಾಟರಿಯ ನೀತಿಯಲ್ಲಿ ಆ ಕ್ರಮ ತಿರುವುಮುರುವಾಗಿದೆ.

ಇನ್ನು ಸುಸ್ಥಿರವೆಂಬ ವಿಶೇಷಣದ ವಿಚಾರ. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತಿನಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿರುವ ಲಿಥಿಯಮ್ 1,600 ಟನ್. ಪತ್ರಿಕೆಗಳಲ್ಲಿ ಅದಕ್ಕೆ ಬಂದ ಶೀರ್ಷಿಕೆಗಳು ದೊಡ್ಡವು. ದೊಡ್ಡ ಉದ್ಯಮವೊಂದರ ಹಸಿವಿಗೆ ಆ ರಾಶಿ ಅತ್ಯಲ್ಪ. ಆದಕಾರಣ ನಮ್ಮ ದೇಶಕ್ಕೆ ನಂಬಬಹುದಾದ ಗಣಿಯೆಂದರೆ ಹಳೆಯ ಬ್ಯಾಟರಿಯೇ. ಇದನ್ನು ಅರಿತೇ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ಉತ್ಪಾದಕನೇ ತನ್ನ ಬ್ಯಾಟರಿಯ ಕೊನೆಗಾಲಕ್ಕೆ ಹೊಣೆ; ಕೊನೆಗಂಡ ವಿದ್ಯುತ್ ವಾಹನದ ಬ್ಯಾಟರಿಯಿಂದ 2026-27ರ ಹೊತ್ತಿಗೆ ಶೇ. 90ರಷ್ಟು ದ್ರವ್ಯವನ್ನು ಮರಳಿ ಪಡೆಯಬೇಕು. ಅಂಥ ವಾಹನದ ಹೊಸ ಬ್ಯಾಟರಿಯಲ್ಲಿ ಮರುಬಳಕೆಯ ದ್ರವ್ಯವು 2027-28ರಲ್ಲಿ ಶೇ. 5ರಿಂದ ಮೊದಲಾಗಿ 2030-31ಕ್ಕೆ ಶೇ. 20ಕ್ಕೆ ಏರಬೇಕು. ನಿಯಮಗಳಾಗಿ ನೋಡಿದರೆ ಇವು ಯುರೋಪಿನವರ 2023ರ ಕಾಯಿದೆಯ ಪಕ್ಕದಲ್ಲಿ ತಲೆಯೆತ್ತಿ ನಿಲ್ಲುವಂಥವು. ಬರೆದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ಇವು ಶ್ರೀಮಂಗಲವನ್ನು ಮುಟ್ಟುವ ಬಗೆ ಹೇಗೆ? ಸೀಸಕ್ಕೆ ಬೆಲೆಯಿರುವುದರಿಂದ ಸೀಸದ ಬ್ಯಾಟರಿ ಹೇಗೋ, ಆಮ್ಲವನ್ನು ನಮ್ಮ ತೋಡಿಗೆ ಬಿಟ್ಟಾದರೂ, ಕುಲುಮೆಯನ್ನು ಸೇರುತ್ತದೆ. ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯಲ್ಲಿ ಬೆಲೆಬಾಳುವ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ಯಾವ ಗುಣದಿಂದ ಅದು ಬಡವನ ಸ್ಕೂಟರಿಗೆ ಒದಗಿತೋ ಆ ಗುಣದಿಂದಲೇ ಗುಜರಿಯವನಿಗೆ ಬೇಡವಾಗುತ್ತದೆ. ತಕ್ಕಡಿಯಲ್ಲಿ ಬೆಲೆಯಿಲ್ಲದ ವಸ್ತು ಚರಂಡಿಯ ಬದಿಯಲ್ಲೋ ಏಲಕ್ಕಿ ಗುಡ್ಡದ ಇಳಿಜಾರಿನಲ್ಲೋ ಬೀಳುತ್ತದೆ, ಅಥವಾ ಬಲ್ಲವರಲ್ಲದವರ ಕೈಯಲ್ಲಿ ಬಿಚ್ಚಲ್ಪಟ್ಟು ಬೆಂಕಿ ಕಾರುತ್ತದೆ. ಇದನ್ನು ತಡೆಯಬಲ್ಲ ಉಪಾಯ ನಿಯಮದಲ್ಲಿಯೇ ಉಂಟು: ಕೊಳ್ಳುವಾಗ ಠೇವಣಿ ಇರಿಸಿಕೊಂಡು ಹಿಂದಿರುಗಿಸಿದಾಗ ಮರಳಿ ಕೊಡುವುದು, ಇಲ್ಲವೆ ಹಳೆಯದನ್ನು ಬೆಲೆ ಕೊಟ್ಟು ಕೊಳ್ಳುವುದು. ಆದರೆ ಉತ್ಪಾದಕನು ಹಾಗೆ ಮಾಡಬಹುದು ಎಂಬಲ್ಲಿಗೆ ಮಾತು ನಿಂತಿದೆ. ಹೊಣೆಯ ಲೆಕ್ಕವನ್ನು ಪ್ರಮಾಣಪತ್ರಗಳ ಕೊಡುಕೊಳ್ಳುವಿಕೆಯಿಂದ ತೀರಿಸಲು ಸಾಧ್ಯವಿರುವಾಗ, ಕುಟ್ಟದ ದಾರಿಯ ಹಳ್ಳಿಯೊಂದಕ್ಕೆ ವಾಹನ ಕಳುಹಿಸಿ ಒಂದು ಬ್ಯಾಟರಿಯನ್ನು ಒಯ್ಯುವ ಶ್ರಮವನ್ನು ಯಾರು ತಾನೆ ವಹಿಸಿಕೊಂಡಾರು?

ತೆರಿಗೆಯಲ್ಲಿಯೂ ಇಂಥದೇ ಒಂದು ವಕ್ರತೆಯಿದೆ. ಹೊಸ ವಿದ್ಯುತ್ ವಾಹನಕ್ಕೆ ಜಿಎಸ್‌ಟಿ ಶೇ. 5, ಅದರ ಬ್ಯಾಟರಿಯೊಂದನ್ನೇ ಬದಲಾಯಿಸಹೊರಟವನಿಗೆ ಶೇ. 18. ಇದ್ದುದನ್ನು ಹೆಚ್ಚು ಕಾಲ ಬಾಳಿಸುವವನಿಗೆ ದಂಡ, ಹೊಸದನ್ನು ಕೊಳ್ಳುವವನಿಗೆ ರಿಯಾಯಿತಿ ಎಂದಾಯಿತು.

ಒಟ್ಟಿನಲ್ಲಿ ಈ ನೀತಿಗಳು ಬ್ಯಾಟರಿಯ ಜನ್ಮಕ್ಕೆ ಬೇಕಾದುದನ್ನು ಉದಾರವಾಗಿ ಕೊಟ್ಟು, ಅದರ ವಿದ್ಯಾಭ್ಯಾಸವನ್ನು ಅರ್ಧಕ್ಕೆ ಬಿಟ್ಟು, ಅಂತ್ಯಕ್ರಿಯೆಯನ್ನು ಗುಜರಿಯವನ ಪಾಲಿಗೆ ಬಿಟ್ಟಿವೆ ಎಂಬುದು ನನ್ನ ತೀರ್ಮಾನ. ಕಾಫಿ ಪಲ್ಪಿಂಗ್ ನೀರನ್ನು ಹೊಳೆಗೆ ಬಿಡುತ್ತಿದ್ದ ಕಾಲವನ್ನು ಕಂಡ ನಮ್ಮ ಬೆಳೆಗಾರರಿಗೆ, ಅದು ಕೆಳಗಿನ ಊರಿನವರು ಕುಡಿಯುವ ನೀರೆಂಬ ಅರಿವು ಎಷ್ಟು ತಡವಾಗಿ, ಎಷ್ಟು ಒತ್ತಾಯದಿಂದ ಬಂದಿತೆಂಬುದು ಗೊತ್ತಿದೆ. ಈ ಸಲ ಅಷ್ಟು ತಡವಾಗಬೇಕಾಗಿಲ್ಲ. ನಾವು ಗೊಬ್ಬರಕ್ಕೂ ಸಾಲಕ್ಕೂ ಹೇಗೂ ಹೋಗುವ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಹಳೆಯ ಬ್ಯಾಟರಿಗೆ ಒಂದು ಕೋಣೆಯನ್ನು ತೆಗೆದಿಡಬೇಕೆಂದೂ, ಬ್ಯಾಟರಿಯನ್ನು ಅಲ್ಲಿಂದ ಒಯ್ಯುವ ಖರ್ಚನ್ನು ಉತ್ಪಾದಕನ ಲೆಕ್ಕಕ್ಕೆ ಹಾಕಬೇಕೆಂದೂ ನಮ್ಮ ಪ್ರತಿನಿಧಿಗಳು ಸರಕಾರವನ್ನು ಕೇಳಲಿ. ಅದಕ್ಕಿಂತ ಮೊದಲು, ಠೇವಣಿಯ ವಿಷಯದಲ್ಲಿ ನಿಯಮವು ‘ಮಾಡಬಹುದು’ ಎಂದಿರುವ ಕಡೆ ‘ಮಾಡತಕ್ಕದ್ದು’ ಎಂದು ತಿದ್ದಿಸಲಿ.